ಪತ್ತಾರ ಕಾಕಾನ ಜೊತೆ ಬಂಗಾರದ ತಂತಿ ನೋಡಲು

ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳು ಬಸ್ಸಿನ ಕಿಟಕಿಯಿಂದ ಬಹಳ ಹೊತ್ತು ಕಾಣುತ್ತವೆ. ನಮ್ಮ ಮಂದಿಗೆ ಅವು ಬರೀ ‘ಫ್ಯಾನು’. ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ ರೋಣ ದಾಟಿ ನರಗುಂದ ಮುಟ್ಟುವಷ್ಟರಲ್ಲಿ ಎರೆಹೊಲದ ಧೂಳು ನನ್ನ ಬಿಳಿ ಅಂಗಿಯ ಬಣ್ಣ ಕೆಡಿಸಿದೆ. 1858ರಲ್ಲಿ ಇಲ್ಲಿಯ ದೊರೆ ಬಾಬಾಸಾಹೇಬ ಬ್ರಿಟಿಷರ ಮೇಲೆ ತಿರುಗಿಬಿದ್ದ ಊರಿದು. ಬಸ್ ನಿಲ್ದಾಣದಲ್ಲಿ ಬಂಗಾರದ ಕೆಲಸದ ಪತ್ತಾರ ಕಾಕಾ ಕಟಕರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ನಿಂತಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಓಪನ್ ಡೇ ನೋಡಬೇಕೆಂಬುದು ನನ್ನ ಆಸೆ. ಅಲ್ಲಿ ಬಂಗಾರದ ತಂತಿಯ ಸುದ್ದಿಯೂ ಸಿಕ್ಕೀತು ಅಂದದ್ದಕ್ಕೆ ಕಾಕಾ ಅಂಗಡಿ ಮುಚ್ಚಿ ಹೊರಟಿದ್ದಾರೆ.

ಹುಬ್ಬಳ್ಳಿಯಿಂದ ರಾತ್ರಿ ರೈಲು, ಮೇಲಿನ ಬರ್ತಿನವರ ಗೊರಕೆ. ಬೆಳಿಗ್ಗೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಆಟೋ ನಿಂತೇ ಇರುತ್ತದೆ, ಮೀಟರು ಮಾತ್ರ ಓಡುತ್ತದೆ.

ಸಂಸ್ಥೆಯ ಒಳಗೆ ಕಾಲಿಟ್ಟರೆ ಬೇರೆಯದೇ ಲೋಕ. ಇಷ್ಟು ಮರ, ಇಷ್ಟು ನೆರಳು! ನಮ್ಮ ಕಡೆ ಈ ಹೊತ್ತಿಗೆ ನೆತ್ತಿ ಸುಡುತ್ತಿರುತ್ತದೆ. ಗಾಜಿನಾಚೆ ಹಳದಿ ಬೆಳಕಿನ ಕೋಣೆ, ಕಣ್ಣು ಬಿಟ್ಟು ಮೈಯೆಲ್ಲ ಮುಚ್ಚಿಕೊಂಡ ಹುಡುಗರು. “ಆಪರೇಶನ್ ಮಾಡಾಕತ್ತಾರೇನ್ ತಮ್ಮಾ?” ಎನ್ನುತ್ತಾರೆ ಕಾಕಾ. ಅದು ಚಿಪ್ ಮಾಡುವ ಕೋಣೆ, ಒಂದು ಕಣ ಧೂಳು ಬಿದ್ದರೂ ಚಿಪ್ ಕೆಡುತ್ತದಂತೆ. ನಾನು ಮೆಲ್ಲಗೆ ಅಂಗಿ ಕೊಡವಿಕೊಳ್ಳುತ್ತೇನೆ.

ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ ತೋರಿಸುತ್ತಾಳೆ. ಮಸುಕಾದ ಕೊಳವೆ, ಅದರೊಳಗೊಂದು ಕಪ್ಪು ಗೆರೆ. ಕೊಳವೆ ಇಂಗಾಲದ್ದು, ಗೆರೆ ಲೋಹದ್ದು. ವಿಜ್ಞಾನಿ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಇದೇ ಬೆಂಗಳೂರಿನಲ್ಲಿ ಚಿನ್ನ, ಬೆಳ್ಳಿ, ಪ್ಲಾಟಿನಂ, ಪಲ್ಲಾಡಿಯಂ ತಂತಿಗಳನ್ನು ಇಂಥ ಕೊಳವೆಯೊಳಗೆ ಮಾಡಿ 2000ರಲ್ಲಿ ಪ್ರಕಟಿಸಿದರು. ದಪ್ಪ 1ರಿಂದ 1.4 ನ್ಯಾನೊಮೀಟರ್. ಅಂದರೆ ಅಡ್ಡಕ್ಕೆ ಕೆಲವೇ ಪರಮಾಣುಗಳು!

ಕಾಕಾ ಉಕ್ಕಿನ ಪಟ್ಟಿಯ ತೂತುಗಳಲ್ಲಿ ಒಂದಕ್ಕಿಂತ ಒಂದು ಸಣ್ಣದರಲ್ಲಿ ಎಳೆದೆಳೆದು ತಂತಿ ಸಣ್ಣ ಮಾಡುವವರು. ಅವರಿಗೆ ಸಮಾಧಾನವಿಲ್ಲ. “ಕರಗಿಸಿ ಹೊಯ್ದ್ರ ಆತಲ್ಲ ತಂಗೀ?”

“ಹೋಗಲ್ಲ ಕಾಕಾ.”

ಕರಗಿದ ಬಂಗಾರದ ಮೇಲ್ಮೈ ಸೆಳೆತ ವಿಪರೀತ. ಕೊಳವೆಯ ಬಾಯಿಗೆ ಬಂದರೂ ಹನಿಯಾಗಿ ಹೊರಗೇ ನಿಲ್ಲುತ್ತದೆ. ಅದಕ್ಕೇ ಮೊದಲು ಆಸಿಡ್ ಹಾಕಿ ಕೊಳವೆಯ ಮುಚ್ಚಿದ ತುದಿ ತೆರೆಯುತ್ತಾರೆ, ಬಂಗಾರವನ್ನು ಲವಣದ ರೂಪದಲ್ಲಿ ಒಳಗೆ ಕಳಿಸುತ್ತಾರೆ, ಆಮೇಲೆ ಅದನ್ನು ಅಲ್ಲೇ ಲೋಹವಾಗಿಸುತ್ತಾರೆ. ಆಸಿಡ್ ಎಂದ ಕೂಡಲೇ ಕಾಕಾನ ಮುಖ ಅರಳುತ್ತದೆ. ಅದು ಅವರ ಕಸುಬಿನ ಮಾತು.

“ಇದನ್ನ ಕೊಳ್ಳಾಗ ಹಾಕ್ಕೊಳ್ಳೂ ಹಂಗಿಲ್ಲಲ್ಲ, ಏನ್ ಉಪಯೋಗ?” ಚಿಪ್‌ಗಳು ಕಿರಿದಾದಂತೆ ಅವುಗಳ ತಂತಿಯೂ ಕಿರಿದಾಗಲೇಬೇಕು. ಇಷ್ಟು ಸಪೂರ ತಂತಿಯ ಬಹುಪಾಲು ಪರಮಾಣುಗಳು ಮೇಲ್ಮೈಯಲ್ಲೇ ಇರುವುದರಿಂದ ಸುತ್ತಲಿನ ಅನಿಲದ ಸುಳಿವು ಬೇಗ ಸಿಗುತ್ತದೆ. ಪಲ್ಲಾಡಿಯಂ ಹೈಡ್ರೋಜನ್ ಹೀರಿದರೆ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಸೋರಿಕೆ ಪತ್ತೆಗೆ ಅಷ್ಟು ಸಾಕು.

ನನಗೆ ಇನ್ನೂ ಸೋಜಿಗವಾದದ್ದು ಇದೇ ಸಂಸ್ಥೆಯ ಅಜಯ್ ಸೂದ್ ಅವರ 2003ರ ಪ್ರಯೋಗ. ಇಂಗಾಲ ಕೊಳವೆಗಳ ಕಂತೆಯ ಮೇಲೆ ದ್ರವ ಹರಿದರೆ ವಿದ್ಯುತ್ ಹುಟ್ಟುತ್ತದೆ, ಅದರಿಂದ ಹರಿವಿನ ವೇಗ ಅಳೆಯಬಹುದು. ನಮ್ಮೂರ ಫ್ಯಾನಿಗೆ ಎಷ್ಟುದ್ದ ರೆಕ್ಕೆ! ಇಲ್ಲಿ ತಿರುಗುವ ಭಾಗವೇ ಇಲ್ಲ.

ಓಪನ್ ಡೇ ವರ್ಷಕ್ಕೊಮ್ಮೆ, ಪ್ರವೇಶ ಉಚಿತ. ರೋಣ, ನರಗುಂದ, ಗಜೇಂದ್ರಗಡದ ಮಾಸ್ತರರೇ, ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಹೋಗಿ. ರೊಟ್ಟಿ ಮಾತ್ರ ಮನೆಯಿಂದಲೇ ಕಟ್ಟಿಕೊಂಡಿರಿ.