ಕೌದಿಗೆ ಎಂಥ ಯಂತ್ರ ಬೇಕು?

ಹಳೆಯ ಸೀರೆ, ಹರಿದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ ಇವೆಲ್ಲ ಕೊನೆಗೆ ಸೇರುತ್ತಿದ್ದುದು ಕೌದಿಗೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಅದಕ್ಕೆ ಬೇಕಾಗಿದ್ದುದು ದಪ್ಪ ದಾರ, ಸೂಜಿ ಮತ್ತು ಮಧ್ಯಾಹ್ನದ ಬಿಡುವು, ಇಷ್ಟೇ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಮಹಿಳೆಯರು ಇಂದಿಗೂ ಅಂಚಿನಿಂದ ಹೊರಟು ಸುತ್ತುತ್ತಾ ನಡುವಿಗೆ ಬರುವಂತೆ ಕೈಯಲ್ಲೇ ಕೌದಿ ಹೊಲಿಯುತ್ತಾರೆ. ಆದರೆ ಹೊಲಿಗೆ ತರಗತಿಗೆ ಹೋಗುವ ಹುಡುಗಿಗೆ ತುಂಡುಗಳನ್ನು ಯಂತ್ರದಲ್ಲೇ ಜೋಡಿಸುವ ಆಸೆ. ಅಪ್ಪ ಅಮ್ಮಂದಿರ ಚಿಂತೆ ಆರಂಭವಾಗುವುದು ಅಲ್ಲಿಂದಲೇ.

ಪಿಯುಸಿ ಮುಗಿಸಿ ಹೊಲಿಗೆ ಕಲಿಯತೊಡಗಿದ ಧಾರವಾಡದ ಹುಡುಗಿಯೊಬ್ಬಳ ಮನೆಯಲ್ಲೂ ಹೀಗೇ ಆಯಿತು. ಅಂಗಡಿಯಲ್ಲಿ ಆಕೆಯ ಕಣ್ಣು ಬಿದ್ದದ್ದು ನೂರು ಬಗೆಯ ಹೊಲಿಗೆ ಹಾಕುವ ಕಂಪ್ಯೂಟರ್ ಯಂತ್ರದ ಮೇಲೆ. ಅಪ್ಪನ ಬಳಿ ಇದ್ದದ್ದು ಮಗನ ಕಾಲೇಜು ಫೀಸಿಗೆಂದು ಎತ್ತಿಟ್ಟ ಹಣ. ಬೇಡವೆಂದರೆ ಮಗಳ ಉತ್ಸಾಹ ಕುಗ್ಗುತ್ತದೆ. ಆಗಲಿ ಎಂದರೆ ಫೀಸಿಗೆ ಸಾಲ ಮಾಡಬೇಕು. ಮನೆಯ ಮೂಲೆಯಲ್ಲಿ ಅಮ್ಮನ ಕಾಲದ, ಕಾಲಿನಿಂದ ತುಳಿಯುವ ಕಪ್ಪು ಯಂತ್ರ ಧೂಳು ತಿನ್ನುತ್ತಿತ್ತು. “ನೂರ ಥರಾ ಹೊಲಿಗಿ ತೊಗೊಂಡು ಏನ್ ಮಾಡ್ತೀಯವ್ವಾ? ಕೌದಿಗೆ ನೆಟ್ಟಗಿನ ಹೊಲಿಗಿ ಒಂದಿದ್ರ ಸಾಕು” ಎಂದರು ಅಜ್ಜಿ.

ಅಜ್ಜಿಯ ಮಾತಿನಲ್ಲಿ ಲೆಕ್ಕವೂ ಇದೆ. ತುಂಡು ಜೋಡಿಸುವಾಗ ಸಾಮಾನ್ಯವಾಗಿ ಅಂಚಿನಿಂದ ಕಾಲು ಇಂಚು ಬಿಟ್ಟು ಹೊಲಿಯುತ್ತಾರೆ. ಆ ಅಂತರ ಒಂದು ಮಿಲಿಮೀಟರ್ ಹೆಚ್ಚಾಯಿತೆನ್ನಿ. ಪ್ರತಿ ಹೊಲಿಗೆಯೂ ಎರಡು ತುಂಡುಗಳ ಬಟ್ಟೆಯನ್ನು ನುಂಗುವುದರಿಂದ ನಷ್ಟ 2 ಮಿಲಿಮೀಟರ್. ಹತ್ತು ತುಂಡುಗಳ ಸಾಲಿನಲ್ಲಿ ಒಂಬತ್ತು ಹೊಲಿಗೆ; ಸಾಲು 18 ಮಿಲಿಮೀಟರ್, ಅಂದರೆ ಸುಮಾರು ಮುಕ್ಕಾಲು ಇಂಚು ಕಿರಿದಾಗುತ್ತದೆ. ಪಕ್ಕದ ಸಾಲು ಸರಿಯಾಗಿದ್ದರೆ ಎರಡೂ ಕೂಡುವುದೇ ಇಲ್ಲ. ಹೂಬಳ್ಳಿಯ ಹೊಲಿಗೆ ಎಷ್ಟಿದ್ದರೂ ಈ ತಪ್ಪನ್ನು ಮುಚ್ಚಲಾರದು.

ಯಂತ್ರವನ್ನು ಪರೀಕ್ಷಿಸಲು ಸುಲಭದ ದಾರಿಯೊಂದಿದೆ. ಒಂದೂವರೆ ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ, ಕಾಲು ಇಂಚು ಬಿಟ್ಟು ಒಂದರ ಪಕ್ಕ ಒಂದು ಹೊಲಿದು ಇಸ್ತ್ರಿ ಮಾಡಬೇಕು. ನಡುವಿನ ಪಟ್ಟಿ ಸರಿಯಾಗಿ ಒಂದು ಇಂಚು ಕಾಣಬೇಕು. ಹುಡುಗಿ ಹಳೆಯ ಯಂತ್ರಕ್ಕೆ ಎಣ್ಣೆ ಬಿಟ್ಟು, ಹೊಸ ಸೂಜಿ ಹಾಕಿ ಹೀಗೆ ಹೊಲಿದಾಗ ಪಟ್ಟಿ ಕಿರಿದಾಯಿತು. ಸೂಜಿಯಿಂದ ಕಾಲು ಇಂಚು ದೂರಕ್ಕೆ ಬಣ್ಣದ ಟೇಪು ಅಂಟಿಸಿ, ಬಟ್ಟೆಯ ಅಂಚನ್ನು ಅದಕ್ಕೆ ತಾಗಿಸಿ ಹೊಲಿದಳು. ಮೂರನೆಯ ಸಲಕ್ಕೆ ಅಳತೆ ಕೂಡಿತು.

ಹಳೆಯ ಯಂತ್ರದಲ್ಲಿ ಇನ್ನೊಂದು ಗುಣವೂ ಇತ್ತು. ನೇರ ಹೊಲಿಗೆ ಮಾತ್ರ ಹಾಕುವ ಯಂತ್ರದಲ್ಲಿ ಸೂಜಿ ಇಳಿಯುವ ತೂತು ಚಿಕ್ಕದು. ಝಿಗ್‌ಝ್ಯಾಗ್ ಯಂತ್ರದಲ್ಲಿ ಸೂಜಿ ಆಚೀಚೆ ಸರಿಯಬೇಕಾದ್ದರಿಂದ ಅದು ಅಗಲ. ತುಂಡಿನ ಚೂಪು ಮೂಲೆ ಒಳಗೆ ಸಿಕ್ಕಿಕೊಳ್ಳುವುದುಂಟು. ಕಾಲಿನಿಂದ ತುಳಿಯುವ ಯಂತ್ರಕ್ಕೆ ಕರೆಂಟಿನ ಕಾಟವೂ ಇಲ್ಲ.

ಜೋಡಣೆ ಮುಗಿದ ಮೇಲಿನದು ಬೇರೆಯೇ ಕೆಲಸ. ಮೇಲಿನ ಬಟ್ಟೆ, ನಡುವಿನ ಮೆತ್ತೆ, ಕೆಳಗಿನ ಬಟ್ಟೆ, ಈ ಮೂರು ಪದರಗಳನ್ನು ಸೇರಿಸಿ ಹೊಲಿಯುವಾಗ ಯಂತ್ರದ ಹಲ್ಲು ಕೆಳಗಿನ ಪದರವನ್ನು ಎಳೆಯುತ್ತದೆ; ಪಾದ ಒತ್ತಿ ಹಿಡಿದ ಮೇಲಿನ ಪದರ ಹಿಂದುಳಿದು ನೆರಿಗೆ ಬೀಳುತ್ತದೆ. ಮೇಲಿನಿಂದಲೂ ಬಟ್ಟೆಯನ್ನು ಮುಂದಕ್ಕೆ ಸಾಗಿಸುವ ‘ವಾಕಿಂಗ್ ಫುಟ್’ ಎಂಬ ಪಾದ ಇದಕ್ಕೆ ಪರಿಹಾರ. ಬಳ್ಳಿಯಂತೆ ಬಳುಕುವ ಗೆರೆ ಹೊಲಿಯಬೇಕಾದರೆ ಹಲ್ಲನ್ನು ಕೆಳಗಿಳಿಸಿ, ಬಟ್ಟೆಯನ್ನು ಕೈಯಿಂದಲೇ ಆಡಿಸಬೇಕು. ಸೂಜಿಯ ಬಲಗಡೆ ಜಾಗವೂ ಬೇಕು. ಸುತ್ತಿದ ಕೌದಿ ಹಿಡಿಯಬೇಕಾದದ್ದು ಅಲ್ಲಿಯೇ.

ಹುಡುಗಿಯ ಯಂತ್ರದಲ್ಲಿ ಈ ಅನುಕೂಲಗಳಿರಲಿಲ್ಲ. ಆದರೆ ಪದರ ಸೇರಿಸುವ ಹೊಲಿಗೆಯನ್ನು ಕೈಯಲ್ಲಿ ಹಾಕಲು ಅಜ್ಜಿ ಇದ್ದರು. ಜೋಡಣೆ ಯಂತ್ರದ್ದು, ಕೌದಿ ಹೊಲಿಗೆ ಅಜ್ಜಿ ಮೊಮ್ಮಗಳದ್ದು ಎಂದು ಕೆಲಸ ಹಂಚಿಹೋಯಿತು. ಫೀಸಿನ ಹಣ ಫೀಸಿಗೇ ಉಳಿಯಿತು.

ಎಲ್ಲರ ಮನೆಯಲ್ಲೂ ಹಳೆಯ ಯಂತ್ರವಿರುವುದಿಲ್ಲ. ಹೊಸದನ್ನೇ ಕೊಳ್ಳುವವರು ಮನೆಯಿಂದ ಬಟ್ಟೆಯ ತುಂಡು, ಹಳೆಯ ಸೀರೆಯ ನಾಲ್ಕಾರು ಪದರ ಒಯ್ದು ಅಂಗಡಿಯಲ್ಲೇ ಹೊಲಿದು ನೋಡುವುದು ಒಳ್ಳೆಯದು. ಗಮನಿಸಬೇಕಾದದ್ದು ಇಷ್ಟು: ನೇರ ಹೊಲಿಗೆ ಒಂದೇ ಸಮ ಬೀಳುತ್ತದೆಯೇ? ಹೊಲಿಗೆಯ ಉದ್ದವನ್ನು ಜೋಡಣೆಗೆ ಎರಡು, ಎರಡೂವರೆ ಮಿಲಿಮೀಟರಿಗೆ, ಪದರಗಳಿಗೆ ಮೂರು ಮಿಲಿಮೀಟರಿಗೆ ಬದಲಿಸಬಹುದೇ? ಕಾಲು ಇಂಚಿನ ಪಾದ, ವಾಕಿಂಗ್ ಫುಟ್ ಅದಕ್ಕೆ ಸಿಗುತ್ತವೆಯೇ? ಹಲ್ಲು ಕೆಳಗಿಳಿಯುತ್ತದೆಯೇ? ನಿಲ್ಲಿಸಿದಾಗ ಸೂಜಿ ಬಟ್ಟೆಯೊಳಗೇ ನಿಲ್ಲುವಂತಿದ್ದರೆ ಮೂಲೆ ತಿರುಗಿಸುವುದು ಸಲೀಸು. ನಿಧಾನವಾಗಿ ಓಡಿಸಲು ಬರಬೇಕು, ಓಡುವಾಗ ಮೇಜಿನ ಮೇಲೆ ಕುಣಿಯಬಾರದು. ಬಾಬಿನ್, ಸೂಜಿ, ರಿಪೇರಿ ಊರಿನಲ್ಲೇ ದೊರೆಯಬೇಕು.

ಇವಿಷ್ಟು ಇದ್ದ ಯಂತ್ರ ವರ್ಷಗಟ್ಟಲೆ ದುಡಿಯುತ್ತದೆ. ಕಲಿಯುವವರಿಗೆ ಬೇಕಾದದ್ದು ಬಳಸದ ನೂರು ಗುಂಡಿಗಳಲ್ಲ, ಕೆಡದೆ ನಡೆಯುವ ಒಂದು ಹೊಲಿಗೆ ಮತ್ತು ದಿನಕ್ಕೆ ಒಂದು ಗಂಟೆಯ ಅಭ್ಯಾಸ.