ಸತ್ತ ಸಿಗಡಿ ಈಜಬೇಕು

ಲಯನ್ ಫಿಶ್ ಬೇಟೆಯಾಡುವುದನ್ನು ನೋಡಬೇಕೆಂದರೆ ಮುಸ್ಸಂಜೆಯಲ್ಲಿ ನೋಡಬೇಕು. ಕಡಲಲ್ಲಿಯೂ ಅದು ಹೆಚ್ಚಾಗಿ ಹೊರಡುವುದು ಬೆಳಕು ಇಳಿಯುವ ಹೊತ್ತಿಗೆ, ಇಲ್ಲವೇ ಬೆಳಗಿನ ಜಾವಕ್ಕೆ. ಮಂಗಳೂರಿನ ನಮ್ಮ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂನ ದೀಪ ಆರಿಸಿ, ಕೋಣೆಯ ದೀಪವೊಂದನ್ನೇ ಉಳಿಸಿ ಕುಳಿತರೆ, ಸ್ವಲ್ಪ ಹೊತ್ತಿಗೆ ಅದು ಕಲ್ಲಿನ ಮರೆಯಿಂದ ಹೊರಗೆ ಬರುತ್ತದೆ. ಅವಸರ ಅನ್ನುವುದು ಅದಕ್ಕಿಲ್ಲ. ಕೆಂಪು ಬಿಳಿ ಪಟ್ಟೆಯ ಮೈ ಅಲುಗಿದ್ದೇ ತಿಳಿಯುವುದಿಲ್ಲ, ಆದರೆ ಒಂದು ಗೇಣು ಮುಂದೆ ಬಂದಿರುತ್ತದೆ. ಎದೆಯ ಎರಡು ದೊಡ್ಡ ರೆಕ್ಕೆಗಳನ್ನು ಅಗಲಿಸಿ, ಎದುರಿಗಿರುವ ಜೀವಕ್ಕೆ ಎಡಕ್ಕೂ ಬಲಕ್ಕೂ ದಾರಿಯಿಲ್ಲದಂತೆ ಮಾಡಿ, ಮೂಲೆಗೆ ಒತ್ತುತ್ತಾ ಹೋಗುತ್ತದೆ. ಕಾಡಿನ ಹುಲಿಯ ಬಗ್ಗೆ ಬರೆಯುವವರು ನಮ್ಮಲ್ಲಿ ಅನೇಕರಿದ್ದಾರೆ. ಈ ಅಂಗೈಯಗಲದ ಬೇಟೆಗಾರನ ಬಗ್ಗೆಯೂ ಯಾರಾದರೂ ಅಷ್ಟೇ ಅಕ್ಕರೆಯಿಂದ ಬರೆಯಬೇಕು ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಅದರ ಇನ್ನೊಂದು ಉಪಾಯವಂತೂ ಬೆರಗು ಹುಟ್ಟಿಸುವಂಥದ್ದು. ಹತ್ತಿರ ಬಂದ ಮೇಲೆ ಕೆಲವು ಸಲ ಅದು ಬೇಟೆಯ ಕಡೆಗೆ ಬಾಯಿಂದ ನೀರು ಊದುತ್ತದೆ. ಮಾರ್ಕ್ ಆಲ್ಬಿನ್ಸ್ ಮತ್ತು ಪ್ಯಾಟ್ರಿಕ್ ಲಯನ್ಸ್ ಎಂಬ ವಿಜ್ಞಾನಿಗಳು 2012ರಲ್ಲಿ ಇದನ್ನು ಬರೆದಿಟ್ಟರು. ಮೈಗೆ ನೀರಿನ ಸೆಳೆತ ತಾಗಿದರೆ ಅದಕ್ಕೆ ಎದುರಾಗಿ ತಿರುಗುವುದು ಮೀನುಗಳ ಸ್ವಭಾವ. ಸಣ್ಣ ಮೀನು ಹಾಗೆ ತಿರುಗಿದ್ದೇ ತಡ, ಅದರ ತಲೆ ಲಯನ್ ಫಿಶ್‌ನ ಬಾಯಿಯ ನೇರಕ್ಕೆ ಬರುತ್ತದೆ. ತಲೆಯ ಕಡೆಯಿಂದ ನುಂಗಿದರೆ ಮುಳ್ಳು ಗಂಟಲಿಗೆ ಅಡ್ಡ ಬರುವುದಿಲ್ಲ.

ಇಂಥ ಪ್ರಾಣಿಯ ಮುಂದೆ ಐಸ್‌ನಿಂದ ತೆಗೆದ ಸಿಗಡಿಯೊಂದನ್ನು ಹಾಕಿದರೆ ಅದು ತಿರುಗಿಯೂ ನೋಡುವುದಿಲ್ಲ. ಸಿಗಡಿ ತಳಕ್ಕೆ ಇಳಿದು ಮರಳಿನ ಮೇಲೆ ಬಿದ್ದಿರುತ್ತದೆ, ಮೀನು ಹಸಿದೇ ಇರುತ್ತದೆ. ಸಾಕುವವರು ಇದನ್ನು ಹಟ ಅನ್ನುತ್ತಾರೆ, ಕೊಬ್ಬು ಅನ್ನುತ್ತಾರೆ. ನಾನು ಆ ಮಾತು ಒಪ್ಪುವುದಿಲ್ಲ. ಹುಟ್ಟಿದಂದಿನಿಂದ ಅದು ತಿಂದದ್ದೆಲ್ಲ ತಪ್ಪಿಸಿಕೊಳ್ಳಲು ನೋಡಿದ ಜೀವಗಳನ್ನೇ. ಅಲುಗಾಡದ್ದು ಅದರ ಪಾಲಿಗೆ ಆಹಾರವೇ ಅಲ್ಲ.

ಹಾಗಾದರೆ ಜೀವಂತ ಮೀನನ್ನೇ ಹಾಕುತ್ತಾ ಹೋಗಬಹುದಲ್ಲ ಎಂದು ಕೇಳುವವರಿದ್ದಾರೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಗೋಲ್ಡ್ ಫಿಶ್ ತಂದು ಬಿಡುವ ರೂಢಿ ಮೊದಲಿಂದಲೂ ಇದೆ. ಅದು ನಿಧಾನವಾಗಿ ಕೊಲ್ಲುವ ಊಟ. ಸಿಹಿನೀರಿನ ಮೀನಿನ ಕೊಬ್ಬು ಕಡಲಿನ ಮೀನಿಗೆ ಬೇಕಾದ ಕೊಬ್ಬಲ್ಲ, ಅದನ್ನೇ ತಿಂದರೆ ಪಿತ್ತಜನಕಾಂಗ ಕೆಡುತ್ತದೆ. ಮೇಲಾಗಿ ಗೋಲ್ಡ್ ಫಿಶ್ ಮತ್ತು ಅದರ ಬಳಗದ ಕಾರ್ಪ್ ಮೀನುಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದೆ. ಅದು ಬಿ1 ಜೀವಸತ್ವವನ್ನು ಒಡೆದುಹಾಕುತ್ತದೆ. ಇದು ಮೊದಲು ಗೊತ್ತಾದದ್ದು ಅಕ್ವೇರಿಯಂನಲ್ಲಿ ಅಲ್ಲ, ನರಿಗಳಿಂದ. 1930ರ ದಶಕದಲ್ಲಿ ಅಮೆರಿಕದ ಮಿನೆಸೋಟದ ಒಂದು ಫಾರ್ಮಿನಲ್ಲಿ ತುಪ್ಪಳಕ್ಕಾಗಿ ಸಾಕಿದ್ದ ನರಿಗಳಿಗೆ ಹಸಿ ಕಾರ್ಪ್ ಮೀನು ಹಾಕುತ್ತಿದ್ದರು. ನರಿಗಳು ಪಾರ್ಶ್ವವಾಯು ಬಡಿದು ಸಾಯತೊಡಗಿದವು. ಕಾರಣ ಹುಡುಕುತ್ತಾ ಹೋದಾಗ ಹಸಿ ಮೀನು ಸಿಕ್ಕಿಬಿತ್ತು. ಆ ಕಾಯಿಲೆಗೆ ಇಂದಿಗೂ ಚಾಸ್ಟೆಕ್ ಪಾರ್ಶ್ವವಾಯು ಎಂದೇ ಹೆಸರು, ಅದು ಆ ಫಾರ್ಮಿನ ಮಾಲೀಕನ ಹೆಸರು.

ಆದರೂ ಮೀನು ಮನೆಗೆ ಬಂದ ಹೊಸದರಲ್ಲಿ ಜೀವಂತ ಆಹಾರ ತಪ್ಪಿದ್ದಲ್ಲ. ಊರು ಬಿಟ್ಟು ಬಂದ ಮೀನಿಗೆ ಮೊದಲು ಹೊಟ್ಟೆ ತುಂಬಬೇಕು, ಆಮೇಲೆ ಪಾಠ. ಅದಕ್ಕೆ ಮೋಲಿ ಮೀನು ಒಳ್ಳೆಯದು. ಸಿಹಿನೀರಿನ ಮೋಲಿಗೆ ಸ್ವಲ್ಪ ಸ್ವಲ್ಪವಾಗಿ ಉಪ್ಪು ಹೆಚ್ಚಿಸುತ್ತಾ ಹೋದರೆ ಅದು ಪೂರಾ ಕಡಲ ನೀರಿನಲ್ಲೂ ಆರಾಮವಾಗಿ ಬದುಕುತ್ತದೆ, ಮರಿಯನ್ನೂ ಹಾಕುತ್ತದೆ. ಮೋಲಿ ತಿಂದು ಮೈ ಕೈ ತುಂಬಿಕೊಂಡ ಮೀನಿಗೆ ಒಂದೆರಡು ದಿನ ಏನೂ ಕೊಡದೆ ಬಿಟ್ಟರೆ ತೊಂದರೆಯಿಲ್ಲ. ಬೆಳೆದ ಲಯನ್ ಫಿಶ್ ವಾರಗಟ್ಟಲೆ ಉಪವಾಸ ಇರಬಲ್ಲದು. ಆದರೆ ಬಂದ ದಿನವೇ ಉಪವಾಸ ಕೆಡವಿ ಬಗ್ಗಿಸಲು ಹೊರಡುವುದು ಕ್ರೌರ್ಯ.

ಪಾಠ ಶುರುವಾಗುವುದು ಮೀನು ಮಾರ್ಕೆಟ್ಟಿನಲ್ಲಿ. ಕಿರುಬೆರಳಿಗಿಂತ ಸಣ್ಣ ಸಿಗಡಿ ಬೇಕು, ತಲೆ ಮೀಸೆ ಎಲ್ಲ ಇರಬೇಕು, ಐಸ್‌ನಲ್ಲಿ ಹೆಚ್ಚು ಹೊತ್ತು ಮಲಗಿರಬಾರದು. ಬುಟ್ಟಿಯಲ್ಲಿ ಒಂದೊಂದನ್ನೇ ಆರಿಸುತ್ತಾ ಕುಳಿತರೆ ಮಾರುವ ಅಕ್ಕನಿಗೆ ಆಶ್ಚರ್ಯ.

"ಎಂತ ಮಾರಾಯ್ರೆ, ಇಷ್ಟು ಚೂರು ಸಿಗಡಿಯಲ್ಲಿ ಎಂತ ಗಸಿ ಮಾಡುದು ನೀವು?"

"ಗಸಿಗಲ್ಲ ಅಕ್ಕ, ಮನೆಯಲ್ಲಿ ಒಂದು ಮೀನುಂಟು, ಅದಕ್ಕೆ."

"ಮೀನಿಗೆ ಸಿಗಡಿಯಾ! ಹಾಗಾದ್ರೆ ಇದು ಬೇಡ, ನಿಲ್ಲಿ," ಎಂದು ಅವರು ಕೆಳಗಿನ ಬುಟ್ಟಿಯಿಂದ ಇನ್ನೂ ಗಾಜಿನ ಬಣ್ಣ ಹೋಗದ ಸಿಗಡಿಗಳನ್ನು ತೆಗೆದುಕೊಟ್ಟರು. ಅಂದಿನಿಂದ ನನ್ನ ಪಾಲು ಬೇರೆ ಎತ್ತಿಡುತ್ತಾರೆ. ನಡುವೆ ಒಮ್ಮೆ ಬೂತಾಯಿ ಅಂದರೆ ಸಾರ್ಡೀನಿನ ಸೀಳು, ಒಮ್ಮೆ ಬೊಂಡಾಸ ಅಂದರೆ ಸ್ಕ್ವಿಡ್‌ನ ಚೂರೂ ಬರುತ್ತವೆ. ಯಾವುದೇ ಒಂದನ್ನೇ ದಿನವೂ ಕೊಡಬಾರದು. ಬೂತಾಯಿಯ ಬಳಗದ ಮೀನುಗಳಲ್ಲೂ ಕೆಲವು ಸಿಗಡಿಗಳಲ್ಲೂ ಅದೇ ಕಿಣ್ವದ ಕಾಟವಿದೆ.

ಅಂಗಡಿಯಲ್ಲಿ ಊಟ ಕೊಡಲು ಅಕ್ರಿಲಿಕ್ ಕೋಲು ಸಿಗುತ್ತದೆ. ನನಗೆ ಅದಕ್ಕಿಂತ ಹೊಸ ಹಿಡಿಸೂಡಿಯ ಕಡ್ಡಿಯೇ ಇಷ್ಟ. ಚೆನ್ನಾಗಿ ತೊಳೆದು ಕುದಿಸಿದ ತೆಂಗಿನ ಕಡ್ಡಿ ತುದಿಗೆ ಹೋಗುತ್ತಾ ಸಪೂರವಾಗುತ್ತದೆ, ಬಾಗುತ್ತದೆ. ಬುಡದಲ್ಲಿ ಬೆರಳು ಒಂದಿಷ್ಟು ಅಲುಗಿದರೆ ತುದಿಯಲ್ಲಿ ಸಿಗಡಿ ನಡುಗುತ್ತದೆ. ಅದು ಉದ್ದವಿರುವುದೂ ಅಗತ್ಯ. ಲಯನ್ ಫಿಶ್‌ನ ಬೆನ್ನ ಮೇಲಿನ 13 ಮುಳ್ಳುಗಳಲ್ಲಿ ವಿಷವಿದೆ, ಹೊಟ್ಟೆಯಡಿಯ ಮುಳ್ಳುಗಳಲ್ಲೂ ಇದೆ. ನಾವು ಮೆಚ್ಚಿ ನೋಡುವ ಆ ದೊಡ್ಡ ರೆಕ್ಕೆಗಳಲ್ಲಿ ಮಾತ್ರ ಇಲ್ಲ. ಚುಚ್ಚಿದರೆ ತಡೆಯುವಷ್ಟು ಬಿಸಿಯಿರುವ ನೀರಿನಲ್ಲಿ ಕೈ ಇಳಿಸಿಟ್ಟುಕೊಳ್ಳಬೇಕು, ಆಮೇಲೆ ಡಾಕ್ಟರ ಹತ್ತಿರ ಓಡಬೇಕು.

ಇನ್ನು ಉಳಿದದ್ದು ಕೈಯ ಕೆಲಸ. ಜೀವಂತ ಸಿಗಡಿ ಹೇಗೆ ಚಲಿಸುತ್ತದೆ ಎಂದು ನಾನು ಗಮನವಿಟ್ಟು ನೋಡಿದ್ದು ಇದಕ್ಕಾಗಿಯೇ. ಹೊಟ್ಟೆಯಡಿಯ ಸಣ್ಣ ಕಾಲುಗಳನ್ನು ಹುಟ್ಟು ಹಾಕುತ್ತಾ ನಿಧಾನವಾಗಿ ಮುಂದೆ ಹೋಗುತ್ತದೆ, ನಿಲ್ಲುತ್ತದೆ, ಮೀಸೆ ಆಡಿಸುತ್ತದೆ. ಹೆದರಿದರೆ ಬಾಲ ಮಡಚಿ ಹಿಂದಕ್ಕೆ ಹಾರುತ್ತದೆ. ಮುಂದಕ್ಕಲ್ಲ, ಯಾವಾಗಲೂ ಹಿಂದಕ್ಕೆ. ಸತ್ತ ಸಿಗಡಿಯನ್ನು ಬಾಲದ ಹತ್ತಿರ ಕಡ್ಡಿಗೆ ಸಿಕ್ಕಿಸಿ, ಪಂಪು ನಿಲ್ಲಿಸಿ, ಮೀನಿನ ಮುಂದೆ ಇದನ್ನೆಲ್ಲ ಆಡಿ ತೋರಿಸಬೇಕು. ಸಣ್ಣವನಿದ್ದಾಗ ಉಪ್ಪಿನಕುದ್ರಿನ ಗೊಂಬೆಯಾಟ ನೋಡಿದ್ದೆ. ಮರದ ಗೊಂಬೆ ಕೋಪದಿಂದ ತಲೆ ಎತ್ತಿದ್ದು ಸೂತ್ರದಿಂದ ಎಂದು ಗೊತ್ತಿದ್ದೂ ಎದೆ ಝಲ್ಲೆನ್ನುತ್ತಿತ್ತು. ಕಡ್ಡಿ ಹಿಡಿದು ನಿಂತಾಗ ನನಗೆ ಬೇಕಾದದ್ದು ಆ ಕೈಯ ಒಂದು ಅಂಶ.

ಮೊದಲ ಕೆಲವು ಸಂಜೆ ಮೀನು ಬರಲಿಲ್ಲ. ಆಮೇಲೆ ಬಂದು ನೋಡಿ ಹಿಂದೆ ಸರಿಯಿತು. ಒಂದು ಸಂಜೆ ಬಾಯಿಗೆ ತೆಗೆದುಕೊಂಡು ಉಗುಳಿತು. ಉಗುಳಿದ ಸಂಜೆ ನನಗೆ ಹಬ್ಬ, ಏಕೆಂದರೆ ಅಲ್ಲಿಗೆ ಕಣ್ಣು ಒಪ್ಪಿತ್ತು, ನಾಲಿಗೆಯದಷ್ಟೇ ಬಾಕಿ. ಮತ್ತೆರಡು ದಿನ ಕಳೆದು ಸಿಗಡಿಯನ್ನು ಹಿಂದಕ್ಕೆ ಹಾರಿಸಿದಾಗ ಅದರ ಎರಡೂ ಕಣ್ಣು ಮುಂದಕ್ಕೆ ಹೊರಳಿ ಒಂದೇ ಬಿಂದುವಿನಲ್ಲಿ ನಿಂತವು. ಬೆನ್ನ ಮುಳ್ಳುಗಳು ಮುಂದಕ್ಕೆ ಬಾಗಿದವು, ಬಾಲದ ತುದಿ ಸಣ್ಣಗೆ ಕಂಪಿಸಿತು. ನುಂಗಿದ್ದು ಕಾಣಲಿಲ್ಲ. ಕಡ್ಡಿಗೆ ಒಂದು ಜಗ್ಗು ಬಿತ್ತು, ತುದಿಯಲ್ಲಿ ಸಿಗಡಿ ಇರಲಿಲ್ಲ. ಅದು ಕಚ್ಚುವ ಮೀನಲ್ಲ. ಬಾಯಿ ಒಮ್ಮೆಲೇ ತೆರೆದು ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ.

ಮೀನು ಕಲಿಯುವುದಿಲ್ಲ ಎನ್ನುವವರು ಹೊಂಡುರಾಸಿನ ರೋಟಾನ್ ದ್ವೀಪದ ಕಥೆ ಕೇಳಬೇಕು. ಅಟ್ಲಾಂಟಿಕ್‌ನಲ್ಲಿ ಲಯನ್ ಫಿಶ್ ಹೊರಗಿನಿಂದ ಬಂದ ಮೀನು. ಫ್ಲಾರಿಡಾದ ಹತ್ತಿರ ಅದು 1985ರಲ್ಲಿ ಮೊದಲು ಸಿಕ್ಕಿತು, ಅಕ್ವೇರಿಯಂನಿಂದ ಬಿಟ್ಟವುಗಳ ಸಂತಾನ ಎಂದೇ ಬಲವಾದ ನಂಬಿಕೆ. ಅಲ್ಲಿಯ ಸಣ್ಣ ಮೀನುಗಳನ್ನು ಅದು ಬಾಚಿ ತಿನ್ನುತ್ತಿದೆ. ರೋಟಾನಿನ ಮುಳುಗುಗಾರರು ಭರ್ಜಿಯಿಂದ ಲಯನ್ ಫಿಶ್ ಹೊಡೆದು ಶಾರ್ಕ್‌ಗಳಿಗೆ ತಿನ್ನಿಸಿದರು, ರುಚಿ ಹತ್ತಿದರೆ ತಾವೇ ಬೇಟೆಯಾಡಲಿ ಎಂಬ ಆಸೆಯಿಂದ. ಕೆರಿಬಿಯನ್‌ನಲ್ಲಿ ಹೀಗೆ ತಿನ್ನಿಸಿದ ಕಡೆ ದೊಡ್ಡ ಮೀನುಗಳು ಭರ್ಜಿ ಹಿಡಿದ ಮನುಷ್ಯರನ್ನೇ ಹಿಂಬಾಲಿಸತೊಡಗಿದವು. ತಿನ್ನುವ ಮೀನು ಊಟಕ್ಕಿಂತ ಮೊದಲು ಊಟ ಕೊಡುವವನನ್ನು ಕಲಿಯುತ್ತದೆ. ನಮ್ಮದೂ ಈಗ ಕಡ್ಡಿ ಕಂಡರೆ ಸಾಕು, ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತದೆ. ಅಟ್ಲಾಂಟಿಕ್‌ನಲ್ಲಿ ಆದದ್ದನ್ನು ನೋಡಿದರೆ, ಸಾಕಿದ ಮೀನನ್ನು ಯಾವ ಕಡಲಿಗೂ ಬಿಡಬಾರದು.

ಈಗ ಕಡ್ಡಿಯಿಲ್ಲದೆ ಬಿದ್ದ ಬೊಂಡಾಸದ ಚೂರನ್ನೂ ನಮ್ಮ ಮೀನು ತಳಕ್ಕೆ ಇಳಿಯುವ ಮೊದಲೇ ಹಿಡಿಯುತ್ತದೆ. ಇನ್ನು ಉಳಿದದ್ದು ಪೆಲೆಟ್ ಎಂಬ ಒಣ ಗುಳಿಗೆ ಆಹಾರ. ಮೊದಲು ಪೆಲೆಟ್ಟನ್ನು ವಿಟಮಿನ್ ದ್ರವದಲ್ಲಿ ನೆನೆಸಿ ಸಿಗಡಿಯ ಹೊಟ್ಟೆಯೊಳಗೆ ತುರುಕಿ ಕೊಟ್ಟೆ, ಅದು ತಿಂದಿತು. ಈ ವಾರ ಸಿಗಡಿಯ ಹಿಂದೆಯೇ, ಅದು ಇನ್ನೂ ಬಾಯಿ ತೆರೆದಿರುವಾಗ, ಬರೀ ಪೆಲೆಟ್ ಒಂದನ್ನು ನೀರಿನ ಹರಿವಿಗೆ ಬಿಡುತ್ತಿದ್ದೇನೆ. ನಿನ್ನೆ ಅದನ್ನೂ ಬಾಯಿಗೆ ಹಾಕಿಕೊಂಡು ಉಗುಳಿತು.