ಹೂಟಗಳ್ಳಿಯಿಂದ ಗಬ್ಬರ್ ಬಂಡೆಗೆ

ಹೀರೋ ಆಗೋಕೆ ಮುಖ ಬೇಕು, ವಿಲನ್ ಆಗೋಕೆ ಎದೆ ಬೇಕು. ಇದು ನಮ್ಮ ಹೂಟಗಳ್ಳಿಯ ಟೀ ಅಂಗಡಿಗಳಲ್ಲಿ ಎಂದೋ ಆಗಿಹೋದ ತೀರ್ಮಾನ. ಅಪೀಲಿಲ್ಲ!

ಹೂಟಗಳ್ಳಿ ಅಂದರೆ ಮೈಸೂರಿನವರಿಗೆ ಮೊದಲು ನೆನಪಾಗುವುದು ಕೈಗಾರಿಕಾ ಪ್ರದೇಶ. ಶಿಫ್ಟು, ಓವರ್‌ಟೈಮು, ಕೆ.ಎಚ್.ಬಿ. ಕಾಲೊನಿ, ಒಂದು ಕೆರೆ. ಅರಮನೆ ಇಲ್ಲ, ಝೂ ಇಲ್ಲ, ಟೂರಿಸ್ಟರು ಈ ಕಡೆ ತಲೆ ಹಾಕುವುದಿಲ್ಲ. ಆದರೆ ಗಣೇಶನ ಹಬ್ಬ ಬಂತೆಂದರೆ ಇಲ್ಲಿನ ಪೆಂಡಾಲುಗಳ ಮುಂದೆ ಒಬ್ಬನಲ್ಲ ಒಬ್ಬ ಗಬ್ಬರ್ ಸಿಂಗ್ ಎದ್ದು ನಿಲ್ಲುತ್ತಾನೆ. ಹಿಂದಿ ಎರಡಕ್ಷರ ಬಾರದವನಿಗೂ ಆ ಡೈಲಾಗು ಮಾತ್ರ ಬಾಯಿಪಾಠ. ಚಿತ್ರ ಬಂದು 50 ವರ್ಷ ದಾಟಿತು ಸ್ವಾಮಿ! 1975ರ ಆಗಸ್ಟ್ 15ರಂದು ಬಂದ ‘ಶೋಲೆ’ಯ ಡಕಾಯಿತ ಇನ್ನೂ ಹೂಟಗಳ್ಳಿಯಲ್ಲಿ ಡ್ಯೂಟಿ ಮಾಡುತ್ತಿದ್ದಾನೆ ಅಂದರೆ ಸುಮ್ಮನೆ ಮಾತಾ?

ನನ್ನ ಗೆಳೆಯನೊಬ್ಬ ಇದ್ದಾನೆ. ಹಗಲು ಲೇತ್ ಮೆಷಿನ್, ರಾತ್ರಿ ಆರ್ಕೆಸ್ಟ್ರಾದಲ್ಲಿ ಮಿಮಿಕ್ರಿ. ವಿಲನ್ ಆಗಬೇಕೆಂಬ ಹುಚ್ಚು. ಈಚೆಗೆ ಯಾವುದೋ ಚಿತ್ರಕ್ಕೆ ಆಳು ಬೇಕು ಅಂದರೆಂದು ಸಂಬಳ ಕಳೆದುಕೊಂಡು ಹೋಗಿದ್ದ. “ದನಿ ತೆಳು ಕಣಯ್ಯ, ವಿಲನ್‌ಗೆ ಆಗಲ್ಲ” ಎಂದು ಎರಡೇ ನಿಮಿಷದಲ್ಲಿ ವಾಪಸ್ ಕಳಿಸಿದರಂತೆ. ಅಂದಿನಿಂದ ಮಿಮಿಕ್ರಿಯನ್ನೂ ಬಿಟ್ಟು ಕೂತಿದ್ದ. ಪಿಯುಸಿ ಅರ್ಧಕ್ಕೆ ಬಿಟ್ಟು ಪೆನ್ನು ಹಿಡಿದವನು ನಾನು. “ನಿನ್ನಿಂದ ಆಗಲ್ಲ” ಅನ್ನುವ ಮಾತು ಎಲ್ಲಿ ಚುಚ್ಚುತ್ತದೆಂದು ನನಗೂ ಗೊತ್ತು. “ಭಾನುವಾರ ರಜಾ ತಾನೆ? ನಡಿ ಗುರು, ನಿಮ್ಮ ಬಾಸ್ ಊರಿಗೆ ಹೋಗಿ ಬರೋಣ” ಎಂದೆ.

ಗಬ್ಬರ್ ಸಿಂಗನ ರಾಮಗಢ ಚಂಬಲ್ ಕಣಿವೆಯಲ್ಲಿಲ್ಲ, ಓದುಗರೇ. ನಮ್ಮ ರಾಮನಗರದಲ್ಲಿದೆ!

ಹೂಟಗಳ್ಳಿಯಿಂದ ಸಿಟಿ ಬಸ್ಸು ಹಿನಕಲ್ ದಾಟಿ ಹುಣಸೂರು ರಸ್ತೆಯಲ್ಲಿ ಬರುವಾಗ ಒಂದು ಕಾಲದಲ್ಲಿ ಪ್ರೀಮಿಯರ್ ಸ್ಟುಡಿಯೋ ಇದ್ದ ಜಾಗ ಸಿಗುತ್ತದೆ. 1989ರ ಫೆಬ್ರವರಿ 8ರಂದು ಟಿಪ್ಪು ಸುಲ್ತಾನ್ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು 62 ಜನ ಸತ್ತದ್ದು ಇಲ್ಲೇ. ತೆರೆಯ ಮೇಲೆ ಹೆಸರು ಬಾರದ ಎಷ್ಟೋ ಕೈಗಳ ಬೆವರಿನ ಮೇಲೆ ಸಿನಿಮಾ ನಿಂತಿದೆ ಅನ್ನುವುದು ಈ ರಸ್ತೆಯಲ್ಲಿ ಹೋದಾಗಲೆಲ್ಲ ನೆನಪಾಗುತ್ತದೆ.

ಸಬರ್ಬ್ ಬಸ್ ಸ್ಟ್ಯಾಂಡಿನಲ್ಲಿ ಒಂದು ಎಚ್ಚರಿಕೆ. 2023ರಲ್ಲಿ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆ ಆದ ಮೇಲೆ ಊರೊಳಗೆ ಬಾರದೆ ನೇರ ಬೆಂಗಳೂರಿಗೆ ಓಡುವ ಬಸ್ಸುಗಳಿವೆ. ರಾಮನಗರದಲ್ಲಿ ನಿಲ್ಲುತ್ತದಾ ಎಂದು ಕಂಡಕ್ಟರನ್ನು ಕೇಳಿಯೇ ಹತ್ತಿ. ರೈಲೂ ಉಂಟು. ಮಂಡ್ಯ, ಮದ್ದೂರು, ಚನ್ನಪಟ್ಟಣ ದಾಟಿದರೆ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ರಾಮನಗರ. ಅಲ್ಲಿಂದ ಆಟೋ ಹಿಡಿದರೆ ರಾಮದೇವರ ಬೆಟ್ಟದ ಬುಡ.

ಬೆಟ್ಟ ಕಂಡ ಕೂಡಲೇ ಗೆಳೆಯ ಬೆರಗಾಗಿ ನಿಂತ. ಆನೆಗಳು ಮಲಗಿದ ಹಾಗೆ ಬಂಡೆಗಳು. ನಿರ್ದೇಶಕ ರಮೇಶ್ ಸಿಪ್ಪಿಗೆ ಬೇಕಾಗಿದ್ದುದು ಇದೇ. ಅಲ್ಲಿಯವರೆಗೆ ಹಿಂದಿ ಡಕಾಯಿತ ಅಂದರೆ ಕಣಿವೆ, ಧೋತಿ, ಹಣೆಗೆ ಕುಂಕುಮ, ಬಾಯಲ್ಲಿ ದೇವಿಯ ಹೆಸರು. ಸಿಪ್ಪಿ ಕಣಿವೆ ಬಿಟ್ಟು ಬಂಡೆಗೆ ಬಂದರು. ಕಲಾ ನಿರ್ದೇಶಕ ರಾಮ್ ಯಡೇಕರ್ ಈ ಬೆಟ್ಟದ ಬುಡದಲ್ಲಿ ಒಂದು ಇಡೀ ಹಳ್ಳಿಯನ್ನೇ ಕಟ್ಟಿದರು. ಹೆದ್ದಾರಿಯಿಂದ ಇಲ್ಲಿಗೆ ರಸ್ತೆ ಹಾಕಿಸಿದರು. 1973ರ ಅಕ್ಟೋಬರಿನಲ್ಲಿ ಶೂಟಿಂಗ್ ಶುರು. ಮುಗಿಯುವ ಹೊತ್ತಿಗೆ ಎರಡು ವರ್ಷದ ಹತ್ತಿರ ಬಂತು.

ಆ ಹಳ್ಳಿ ಈಗ ಎಲ್ಲಿ? ಬುಡದಲ್ಲಿ ಸೌತೆಕಾಯಿಗೆ ಉಪ್ಪುಖಾರ ಸವರಿ ಮಾರುತ್ತಿದ್ದ ಅಜ್ಜಿಯನ್ನು ಕೇಳಿದೆ. “ಬಂದ್ರು, ಊರು ಕಟ್ಟುದ್ರು, ಕುಣುದ್ರು, ಕಿತ್ಕೊಂಡ್ ಹೋದ್ರು ಕಣಪ್ಪ. ಬಂಡೆ ಕೀಳಕ್ಕಾದದಾ? ಅದೈತೆ ನೋಡು” ಎಂದಳು. ಇದಕ್ಕಿಂತ ಚೆನ್ನಾಗಿ ಯಾವ ವಿಮರ್ಶಕ ಹೇಳಿಯಾನು?

ಅರಣ್ಯ ಇಲಾಖೆಯ ಗೇಟಿನಲ್ಲಿ ಟಿಕೆಟ್ ಪಡೆದು ಮೆಟ್ಟಿಲು ಹತ್ತಿದೆವು. ಅರ್ಧ ದಾರಿಯಲ್ಲಿ ಉಸಿರು ಬಿಡಲು ಕೂತಾಗ ನಾನು ಕಥೆ ಶುರು ಮಾಡಿದೆ.

ಗಬ್ಬರ್ ಅನ್ನುವ ಹೆಸರು ಸುಳ್ಳಲ್ಲ. 1950ರ ದಶಕದಲ್ಲಿ ಚಂಬಲ್ ಕಡೆ ಆ ಹೆಸರಿನ ಡಕಾಯಿತನೊಬ್ಬ ಇದ್ದ. ಜನರ ಮೂಗು ಕೊಯ್ಯುವುದರಲ್ಲಿ ಕುಖ್ಯಾತ. ಕಥೆ ಬರೆದ ಸಲೀಂ–ಜಾವೇದ್ ಜೋಡಿ ಆ ಹೆಸರನ್ನು ಎತ್ತಿಕೊಂಡಿತು. ಪಾತ್ರಕ್ಕೆ ಮೊದಲು ಗೊತ್ತಾಗಿದ್ದವನು ಡ್ಯಾನಿ. ಅವನು ಫಿರೋಜ್ ಖಾನ್‌ನ ‘ಧರ್ಮಾತ್ಮ’ಕ್ಕೆಂದು ಅಫ್ಘಾನಿಸ್ತಾನಕ್ಕೆ ಹೋಗಬೇಕಾಗಿ ಬಂದು ಜಾಗ ಖಾಲಿಯಾಯಿತು. ಬಂದವನು ಅಮ್ಜದ್ ಖಾನ್. ಹಳೆಯ ನಟ ಜಯಂತ್ ಅವರ ಮಗ. ನಾಟಕದಲ್ಲಿ ಪಳಗಿದ್ದವನು, ಸಿನಿಮಾದಲ್ಲಿ ಮಾತ್ರ ಯಾರೂ ಕೇಳುವವರಿಲ್ಲ. ಚಂಬಲ್ ಡಕಾಯಿತರ ಬಗ್ಗೆ ತರುಣ್ ಕುಮಾರ್ ಭಾದುರಿ ಬರೆದ ಪುಸ್ತಕ ಓದಿ ತಯಾರಾದ. ಭಾದುರಿ ಬೇರೆ ಯಾರೂ ಅಲ್ಲ, ನಟಿ ಜಯಾ ಅವರ ತಂದೆ. ಸೊಂಟದಿಂದ ಧೋತಿ ಹೋಯಿತು, ಮಿಲಿಟರಿ ಖಾಕಿ ಬಂತು.

ಮೊದಲ ದಿನದ ಶೂಟಿಂಗ್ ಕೆಟ್ಟಿತು. ಎದುರಿಗೆ ಸಂಜೀವ್ ಕುಮಾರ್, ಧರ್ಮೇಂದ್ರ, ಅಮಿತಾಭ್ ಅಂಥ ತಂಡ. ಹೊಸಬನಿಗೆ ಕೈಕಾಲು ನಡುಕ. ಟೇಕ್ ಮೇಲೆ ಟೇಕ್. ಯೂನಿಟ್ಟಿನಲ್ಲಿ ಗುಸುಗುಸು. ಕೊನೆಗೆ ಬರೆದವರೇ ಅನುಮಾನಪಟ್ಟರು, ಇವನನ್ನು ಬದಲಾಯಿಸುವ ಮಾತೂ ಬಂತು.

“ಯಾಕಂತೆ?” ಎಂದ ಗೆಳೆಯ.

“ದನಿ ತೆಳು ಅಂತ.”

ಅವನು ಸೌತೆಕಾಯಿ ತಿನ್ನುವುದನ್ನು ನಿಲ್ಲಿಸಿದ. “ಸುಳ್ಳು ಹೇಳ್ಬೇಡ.”

“ನಿನ್ನಾಣೆ ಸುಳ್ಳಲ್ಲ ಕಣೋ.”

ಸಿಪ್ಪಿ ಮಾತ್ರ ಅಮ್ಜದ್‌ನ ಕೈ ಬಿಡಲಿಲ್ಲ. ಅಮ್ಜದ್ ತನ್ನ ದನಿಯನ್ನು ದಪ್ಪ ಮಾಡಲು ಹೋಗದೆ ಅದನ್ನೇ ಹರಿತ ಮಾಡಿಕೊಂಡ. ಮಾತನ್ನು ಎಳೆದ, ನಡುವೆ ನಿಲ್ಲಿಸಿದ, ಹೊಗೆಸೊಪ್ಪು ಉಜ್ಜಿದ, ನಕ್ಕ, ನಗುತ್ತಲೇ ಕೊಂದ. ಚಿತ್ರ ಶುರುವಾಗಿ ಸುಮಾರು ಒಂದು ಗಂಟೆ ಗಬ್ಬರನ ಮುಖವೇ ಕಾಣುವುದಿಲ್ಲ. ಆಮೇಲೆ ಬಂಡೆಯ ಮೇಲೆ ಬೂಟು, ನೆಲಕ್ಕೆ ಉಜ್ಜುವ ಗುಂಡಿನ ಬೆಲ್ಟು. ಅಷ್ಟಕ್ಕೇ ಜನ ಸೀಟಿನ ತುದಿಗೆ ಬಂದರು. ದನಿಗಿಂತ ಮುಂಚೆ ಕೇಳಿಸಿದ್ದು ಈ ಬಂಡೆ!

ಜಯಂತ್ 1975ರ ಜೂನ್ 2ರಂದು ತೀರಿಕೊಂಡರು. ಚಿತ್ರ ತೆರೆಗೆ ಬರಲು ಇನ್ನು ಎರಡೂವರೆ ತಿಂಗಳಿತ್ತು. ಮಗನ ಹೆಸರಿಗೆ ಥಿಯೇಟರು ಗುಡುಗಿದ್ದನ್ನು ಅಪ್ಪ ನೋಡಲಿಲ್ಲ. ಅದೇ ಜೂನ್ 25ಕ್ಕೆ ತುರ್ತು ಪರಿಸ್ಥಿತಿ. ಮಾಜಿ ಪೊಲೀಸ್ ಅಧಿಕಾರಿ ಠಾಕೂರ್ ಗಬ್ಬರನನ್ನು ಮೊಳೆ ಹೊಡೆದ ಬೂಟಿನಿಂದ ತುಳಿದು ಕೊಲ್ಲುವ ಕೊನೆಯನ್ನು ಸೆನ್ಸಾರಿನವರು ಒಪ್ಪಲಿಲ್ಲ. ಪೊಲೀಸರು ಬಂದು ಹಿಡಿದುಕೊಂಡು ಹೋಗುವಂತೆ ಮತ್ತೆ ತೆಗೆದರು. ಮೊದಲಿನ ಆ ಕೊನೆ ಸೇರಿದ ಪೂರ್ಣ ಚಿತ್ರವನ್ನು 2025ರ ಜೂನ್‌ನಲ್ಲಿ ಇಟಲಿಯ ಬೊಲೊನ್ಯಾ ಚಿತ್ರೋತ್ಸವದಲ್ಲಿ ತೋರಿಸಿದರು.

ಮೊದಲ ದಿನಗಳಲ್ಲಿ ಚಿತ್ರ ಬಿತ್ತು ಎಂದೇ ಸುದ್ದಿ. ಆಮೇಲೆ ಬಾಯಿಂದ ಬಾಯಿಗೆ ಹಬ್ಬಿ ಮುಂಬಯಿಯ ಮಿನರ್ವಾದಲ್ಲಿ ಐದು ವರ್ಷ ಓಡಿತು. ಹಾಡಲ್ಲ, ಡೈಲಾಗುಗಳದೇ ಗ್ರಾಮಫೋನ್ ರೆಕಾರ್ಡು ಬಂದು ಬಿಸಿದೋಸೆ ಹಾಗೆ ಖರ್ಚಾಯಿತು. ಮಕ್ಕಳು ತಿನ್ನುವ ಬ್ರಿಟಾನಿಯಾ ಗ್ಲುಕೋಸ್ ಬಿಸ್ಕತ್ತಿನ ಜಾಹೀರಾತಿಗೆ ಹೀರೋ ಅಲ್ಲ, ಗಬ್ಬರ್ ಬಂದ! 1976ರಲ್ಲಿ ಗೋವಾ ರಸ್ತೆಯ ಅಪಘಾತ ಅಮ್ಜದ್‌ನ ದೇಹವನ್ನು ಹಾಳುಮಾಡಿತು. ಆದರೂ 1977ರಲ್ಲಿ ಸತ್ಯಜಿತ್ ರಾಯ್ ಚಿತ್ರದಲ್ಲಿ ನವಾಬ ವಾಜಿದ್ ಅಲಿ ಶಾಹ್ ಆಗಿ, ಮೆತ್ತಗೆ ಹಾಡುವ ದೊರೆಯಾಗಿ ಕೂತ. 1992ರ ಜುಲೈ 27ರಂದು ಹೋಗಿಬಿಟ್ಟ.

ನಮ್ಮಲ್ಲೇನು ಕಡಿಮೆಯೇ? ಪ್ರಚಂಡ ರಾವಣನಾಗಿ ರಂಗದಲ್ಲಿ ಗರ್ಜಿಸಿ ಬಂದ ವಜ್ರಮುನಿ, 1966ರ ಚಿತ್ರದ ಹೆಸರನ್ನೇ ತನ್ನ ಹೆಸರಿಗೆ ಅಂಟಿಸಿಕೊಂಡ ತೂಗುದೀಪ ಶ್ರೀನಿವಾಸ್, ಗರಡಿ ಮಣ್ಣಿನಿಂದ ಎದ್ದ ಮೈಸೂರಿನ ಎಂ.ಪಿ. ಶಂಕರ್. ಒಬ್ಬರ ದನಿ ಇನ್ನೊಬ್ಬರದಲ್ಲ. ಅದಕ್ಕೇ ಉಳಿದರು.

ಮೇಲೆ ರಾಮನ ಗುಡಿ. ಅದರಾಚೆ ಬರೀ ಗಾಳಿ. ಗೆಳೆಯ ಬಂಡೆಗೆ ಮುಖ ಮಾಡಿ ಬಾಯಿ ತೆರೆದದ್ದೇ ತಡ, ಅಲ್ಲಿದ್ದ ಕಾವಲುಗಾರರು ಕೈ ಎತ್ತಿದರು. “ಕೂಗ್ಬೇಡಿ ತಮ್ಮಾ, ಹದ್ದು ಗೂಡು ಕಟ್ಟವೆ.” ನಿಜ. 2012ರಲ್ಲಿ ಸರ್ಕಾರ ಈ ಬೆಟ್ಟವನ್ನು ರಣಹದ್ದುಗಳ ಅಭಯಾರಣ್ಯ ಎಂದು ಘೋಷಿಸಿದೆ. ಉದ್ದಕೊಕ್ಕಿನ ರಣಹದ್ದು ಈಗ ದೇಶದಲ್ಲೇ ಅಪರೂಪ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ, ಸತ್ತ ದನದ ಮಾಂಸದ ಮೂಲಕ ಅವುಗಳ ಹೊಟ್ಟೆಗೆ ಸೇರಿ ಕುಲವನ್ನೇ ತೆಗೆಯಿತು. ಅಲ್ಲೊಂದು ಇಲ್ಲೊಂದು ಉಳಿದದ್ದು ಇಂಥ ಬಂಡೆಯ ಗೂಡುಗಳಲ್ಲಿ.

ಗೆಳೆಯ ಕೂಗಲಿಲ್ಲ. ನನ್ನ ಕಿವಿಯ ಹತ್ತಿರ ಬಂದು, ತನ್ನದೇ ತೆಳು ದನಿಯಲ್ಲಿ, ಪಿಸುಮಾತಿನಲ್ಲಿ ಗಬ್ಬರನ ಡೈಲಾಗು ಹೇಳಿದ. ಹೇಳುತ್ತೇನೆ ಕೇಳಿ, ಮಟಮಟ ಮಧ್ಯಾಹ್ನದಲ್ಲಿ ನನ್ನ ಬೆನ್ನು ತಣ್ಣಗಾಯಿತು.